ಬೇಕಾದವರ ಹೆಸರು

"ಇದಕ್ಕೆ ತೂತು ಬಿಡಬೇಕೇನ್ರಿ?" ಎಂದು ಬಡಗಿ ಬಂಗಾರಪ್ಪ ಕೇಳಿದ. ಟೆಲಿಫೋನಿನ ಉದ್ದ, ಅಗಲ, ಎತ್ತರವನ್ನು ದಾರದಲ್ಲಿ ಅಳೆದು, ಅಳತೆಗೊಂದು ಗಂಟು ಹಾಕಿಕೊಂಡು, ದೇವರಿಗೆ ಪ್ರದಕ್ಷಿಣೆ ಬಂದ ಹಾಗೆ ಮೇಜಿಗೆ ಒಂದು ಸುತ್ತು ಬಂದಿದ್ದ.

"ತೂತು ಯಾತಕ್ಕೆ?" ಗುಮಾಸ್ತ ಸದಾಶಿವಪ್ಪ ಬರೆಯುತ್ತಿದ್ದ ಕಾಗದದಿಂದ ತಲೆಯೆತ್ತಿದ.

"ಪೆಟ್ಟಿಗೆ ಒಳಗಿಟ್ಟು ಬೀಗ ಜಡೀತೀನಿ ಅಂತೀರಿ. ಅದು ಬಡಕೊಂಡ್ರೆ ನಿಮಗೆ ಕೇಳಬೇಕೋ ಬ್ಯಾಡೋ?"

ಅದು ಸದಾಶಿವಪ್ಪನಿಗೆ ಹೊಳೆದಿರಲಿಲ್ಲ. ಎರಡು ದಿನದಿಂದ ಈ ಕಟ್ಟುಪಾಡಿನ ಮೂಲೆಮೂಲೆಯನ್ನೂ ಯೋಚಿಸಿದ್ದೇನೆ ಎಂದುಕೊಂಡಿದ್ದವನಿಗೆ ಬಡಗಿಯ ಮುಂದೆ ತುಸು ನಾಚಿಕೆಯಾಯಿತು. "ಬಿಡು, ಎರಡೂ ಕಡೆ ನಾಲ್ಕು ನಾಲ್ಕು ಬಿಡು" ಎಂದು ಹೇಳಿ ಮತ್ತೆ ಕಾಗದಕ್ಕೆ ಬಗ್ಗಿದ.

ಆಗ ಶಿಕಾರಿಪುರದಲ್ಲಿ ಟೆಲಿಫೋನುಗಳಿದ್ದದ್ದೇ ಹನ್ನೊಂದು. ಅದರಲ್ಲಿ ಏಳನೆಯ ನಂಬರು ತೋಟಪ್ಪನವರ ಮೋಟಾರ್ ಕಂಪನಿಯದು. ಐವತ್ತೇಳನೇ ಇಸವಿಯ ದಸರೆಯಲ್ಲಿ ಅದು ಬಂದಾಗ ತೋಟಪ್ಪನವರು ಬಸ್ಸುಗಳ ಜೊತೆ ಅದಕ್ಕೂ ವಿಭೂತಿ ಹಚ್ಚಿಸಿ ಕಾಯಿ ಒಡೆಸಿದ್ದರು. ಅಂದಿನಿಂದ ಅದು ಕಂಪನಿಯ ಆಸ್ತಿಗಿಂತ ಬೀದಿಯ ಆಸ್ತಿಯೇ ಆಗಿಬಿಟ್ಟಿತು. ಮಗಳು ಸೊರಬದಲ್ಲಿ ಬಸ್ಸು ಹತ್ತಿದಳೋ ಇಲ್ಲವೋ ಕೇಳುವವರು, ಆನವಟ್ಟಿ ಸಂತೆಯಲ್ಲಿ ಎತ್ತಿನ ಧಾರಣೆ ವಿಚಾರಿಸುವವರು, ಸುಮ್ಮನೆ ಒಮ್ಮೆ ಕಿವಿಗಿಟ್ಟುಕೊಂಡು ನೋಡುತ್ತೇನೆ ಎನ್ನುವವರು, ಯಾರಿಗೂ ತೋಟಪ್ಪನವರು ಇಲ್ಲವೆಂದವರಲ್ಲ. ಹಿಂದಿನ ಮಂಗಳವಾರದ ತನಕ ಎಲ್ಲ ಸುಸೂತ್ರವಾಗಿತ್ತು.

ಆ ಮಂಗಳವಾರ ಜವಳಿ ಅಂಗಡಿಯ ಮನೆಯವರು ಮಗನ ನಿಶ್ಚಯಕ್ಕೆಂದು ಎರಡು ಗಂಟೆಯ ಬಸ್ಸಿನಲ್ಲಿ ಸೊರಬಕ್ಕೆ ಹೊರಟಿದ್ದರು. ಶಿರಾಳಕೊಪ್ಪ ಇನ್ನೆರಡು ಮೈಲಿ ಇದೆ ಎನ್ನುವಾಗ ಬಸ್ಸಿನ ಆ್ಯಕ್ಸಲ್ ಮುರಿಯಿತು. ಕಂಡಕ್ಟರ್ ಸುಬ್ಬಪ್ಪ ಯಾರದೋ ಸೈಕಲ್ಲು ಬೇಡಿ ಶಿರಾಳಕೊಪ್ಪದ ಪೋಸ್ಟಾಫೀಸಿಗೆ ಹೋಗಿ, ಬೇರೆ ಬಸ್ಸು ಕಳಿಸಿ ಎಂದು ಹೇಳಲು ಏಳನೇ ನಂಬರು ಕೇಳಿದ. ಎಂಗೇಜು. ಮತ್ತೆ ಕೇಳಿದ. ಎಂಗೇಜು. ನಲವತ್ತು ನಿಮಿಷ ಹೀಗೇ ಆಯಿತು. ಕೊನೆಗೆ ಯಾರದೋ ಲಾರಿ ಸಿಕ್ಕಿ ಬೀಗರು ಸೊರಬ ಮುಟ್ಟುವ ಹೊತ್ತಿಗೆ ದೀಪ ಹಚ್ಚಿ ಬಹಳ ಹೊತ್ತಾಗಿತ್ತು, ಮುಹೂರ್ತ ಮೀರಿತ್ತು, ಶಾಸ್ತ್ರ ಮಾಡಿಸಬೇಕಿದ್ದ ಅಯ್ಯನವರು ಎದ್ದು ಹೋಗಿದ್ದರು. ಹೆಣ್ಣಿನ ಅಜ್ಜಿ ಇದು ಶಕುನ ಸರಿಯಿಲ್ಲ ಎಂದು ಕೂತುಬಿಟ್ಟಿತು. ನಿಶ್ಚಯ ಮುಂದಕ್ಕೆ ಹೋಯಿತು.

ತೋಟಪ್ಪನವರಿಗೆ ಊರಲ್ಲಿ ತಲೆಯೆತ್ತುವುದು ಕಷ್ಟವಾಯಿತು. ಆ ಸಿಟ್ಟೆಲ್ಲ ಸುಬ್ಬಪ್ಪನ ಮೇಲೆ ಇಳಿಯಿತು.

"ಎಂಗೇಜ್ ಇತ್ತಂತೆ! ನಲವತ್ತು ನಿಮಿಷ ಎಂಗೇಜ್ ಇರಾಕೆ ಇದೇನು ಡಿಸಿ ಆಫೀಸೇನೋ? ಎಲ್ಲಿ ಚಾ ಕುಡೀತಾ ಕೂತಿದ್ದೆ, ಖರೇ ಹೇಳು!"

"ನಿಮ್ಮಾಣೆ ರೀ ಯಜಮಾನ್ರೇ" ಎಂದು ಸುಬ್ಬಪ್ಪ ಸದಾಶಿವಪ್ಪನ ಕಡೆ ತಿರುಗಿದ. "ಆ ಹೊತ್ತಿಗೆ ಆಫೀಸ್ನಾಗೆ ನೀವೇ ಇದ್ರಲ್ರಿ. ಯಾರಾರ ಬಂದು ಮಾತಾಡ್ತಿದ್ರೆ ಹೇಳ್ರಿ ಮತ್ತೆ."

"ನಾನು ಒಳಗೆ ವೇಬಿಲ್ಲಿನ ಲೆಕ್ಕ ನೋಡ್ತಾ ಇದ್ದೆ" ಎಂದ ಸದಾಶಿವಪ್ಪ. "ಹೊರಗೆ ಯಾರಿದ್ರೋ ಗಮನಿಸ್ಲಿಲ್ಲ."

ಸುಬ್ಬಪ್ಪನಿಗೆ ಒಂದು ವಾರ ಮನೆಯಲ್ಲಿ ಕೂರುವ ಶಿಕ್ಷೆಯಾಯಿತು. ಫೋನಿಗೊಂದು ಕಟ್ಟುಪಾಡು ಮಾಡುವ ಕೆಲಸ, ಕಂಪನಿಯಲ್ಲೇ ನಿಯತ್ತಿನ ಮನುಷ್ಯ ಎಂದು ಹೆಸರಾದ ಸದಾಶಿವಪ್ಪನ ಪಾಲಿಗೆ ಬಂತು. "ಮುಖ ಮುರಿದು ಹೇಳೋದು ನನಗೆ ಬರೋದಿಲ್ಲಪ್ಪ, ನೀನು ಕಾಗದದಾಗೆ ಬರೆದು ಹಾಕು" ಎಂದರು ತೋಟಪ್ಪನವರು.

ಆ ನಲವತ್ತು ನಿಮಿಷ ಮಾತಾಡಿದವನು ಸದಾಶಿವಪ್ಪನೇ. ನಿಜ ಹೇಳಬೇಕೆಂದರೆ ಮಾತಾಡಿದ್ದೂ ಅಲ್ಲ, ಕೇಳಿಸಿಕೊಂಡಿದ್ದು.

ಮಧ್ಯಾಹ್ನ ಮೂರು ಗಂಟೆಯ ಶಿಕಾರಿಪುರವನ್ನು ಸರಿಯಾಗಿ ನೋಡಿದವರು ಕಡಿಮೆ, ಏಕೆಂದರೆ ಆ ಹೊತ್ತಿನಲ್ಲಿ ಊರು ಮಲಗಿರುತ್ತದೆ. ಎರಡರ ಬಸ್ಸು ಎಬ್ಬಿಸಿದ ಧೂಳು ಬಾಗಿಲಿನ ಬಿಸಿಲಿನಲ್ಲಿ ಇಳಿಯುತ್ತಾ ಇನ್ನೂ ನೆಲ ಮುಟ್ಟಿರುವುದಿಲ್ಲ. ಹೋಟೆಲಿನವನು ಒಲೆಯ ಮುಂದೆಯೇ ತೂಕಡಿಸುತ್ತಾನೆ. ದನಗಳು ಕೂಡ ನೆರಳಿನಲ್ಲಿ ಕಣ್ಣು ಮುಚ್ಚಿ, ಮೆಲುಕು ಹಾಕುವುದನ್ನು ನಡುವೆ ಮರೆತು, ನೆನಪಾದಾಗ ಮತ್ತೆ ಶುರು ಮಾಡುತ್ತವೆ. ಗಡಿಯಾರದ ಸದ್ದು ಗೋಡೆಯಿಂದಲ್ಲ, ಎಲ್ಲೋ ದೂರದಿಂದ ಬರುತ್ತಿದೆ ಎನಿಸುತ್ತದೆ. ಅಂಥ ಹೊತ್ತಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಸದಾಶಿವಪ್ಪ ಎತ್ತಿಕೊಂಡು "ನಂಬರ್ ಏಳು" ಎನ್ನುತ್ತಿದ್ದ. ಆ ಕಡೆಯಿಂದ ಮೊದಲು ಉಸಿರು, ಆಮೇಲೆ ಒಂದು ಸಣ್ಣ ದನಿ: "ನಾನ್ರೀ."

ಅದು ಅವನ ಹೆಂಡತಿ. ಮದುವೆಯಾಗಿ ಹತ್ತು ತಿಂಗಳಾಗಿತ್ತು. ಸೊರಬದಲ್ಲಿ ಕಂಪನಿಯ ಏಜೆಂಟರಾಗಿದ್ದ ಪಂಚಾಕ್ಷರಪ್ಪನವರ ಮಗಳು. ತೋಟಪ್ಪನವರೇ ಮುಂದೆ ನಿಂತು ಮಾಡಿಸಿದ ಸಂಬಂಧ. ಈಗ ಏಳು ತಿಂಗಳ ಬಸುರಿ, ಸಂಕ್ರಾಂತಿಗೆ ತವರಿಗೆ ಹೋದವಳು. ತವರಿನ ಮನೆ ಸೊರಬದ ಏಜೆಂಟರ ಆಫೀಸಿನ ಹಿಂದೆಯೇ ಇತ್ತು. ಮೂರು ಗಂಟೆಗೆ ತಂದೆ ಊಟ ಮಾಡಿ ಒಂದು ಗೊರಕೆ ತೆಗೆಯುವಾಗ ಅವಳು ಹಿತ್ತಲ ಬಾಗಿಲಿನಿಂದ ಬಂದು ಫೋನಿನ ಹಿಡಿಕೆ ತಿರುಗಿಸುತ್ತಿದ್ದಳು.

ಮನೆಯಲ್ಲಿದ್ದಾಗ ಅವಳು ಮಾತಾಡಿದ್ದೇ ಇಲ್ಲ ಎನ್ನಬೇಕು. ಅತ್ತೆ, ಇಬ್ಬರು ಓರಗಿತ್ತಿಯರು, ಮನೆತುಂಬ ಜನ. ಸದಾಶಿವಪ್ಪನ ತಾಯಿ ಹಾಲಮ್ಮ ಕೆಟ್ಟವಳೇನಲ್ಲ; ಸೊಸೆಯನ್ನು "ಸೊರಬದಾಕಿ" ಎಂದು ಕರೆಯುತ್ತಿದ್ದಳು, ಹಾಗೆಂದೇ ಎಲ್ಲರೂ ಕರೆದರು. ಗಂಡನಿಗೆ ಏನಾದರೂ ಹೇಳಬೇಕಾದರೆ ಅವಳು ಬಾಗಿಲ ಹಿಂದೆ ನಿಂತು ಗೋಡೆಗೆ ಹೇಳುವಂತೆ "ನೀರು ಕಾದೈತಂತೆ" ಎನ್ನುತ್ತಿದ್ದಳು. ರಾತ್ರಿ ಕೋಣೆಯಲ್ಲೂ ಪಕ್ಕದ ಕೋಣೆಯ ಕೆಮ್ಮು ಕೇಳಿಸಿ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಸದಾಶಿವಪ್ಪ ತನಗೆ ಮಾತು ಬಾರದ ಹೆಂಡತಿ ಸಿಕ್ಕಿದ್ದಾಳೆ ಎಂದೇ ತಿಳಿದಿದ್ದ, ಅದರಲ್ಲಿ ಅವನಿಗೆ ಬೇಸರವೂ ಇರಲಿಲ್ಲ.

ಫೋನಿನಲ್ಲಿ ಮುಖ ಕಾಣುವುದಿಲ್ಲ. ಅದೊಂದೇ ಕಾರಣವಿರಬೇಕು. ಮೊದಲ ದಿನ ಅವಳು "ಊಟ ಆತೇನ್ರಿ" ಎಂದು ಕೇಳಿ ಇಟ್ಟುಬಿಟ್ಟಳು. ನಾಲ್ಕನೆಯ ದಿನ ನಕ್ಕಳು. ಅವಳ ನಗು ಹೀಗಿದೆ ಎಂದು ಅವನಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಆಮೇಲೆ ಅವಳು ಹೇಳುತ್ತಾ ಹೋದಳು, ಅವನು ಕಣ್ಣು ಮುಚ್ಚಿ ಕೇಳುತ್ತಾ ಹೋದ. ಚಿಕ್ಕಂದಿನಲ್ಲಿ ಚಂದ್ರಗುತ್ತಿ ಗುಡ್ಡ ಯಾರೂ ನೋಡದಾಗ ಒಂದು ಹೆಜ್ಜೆ ಮುಂದೆ ಬರುತ್ತದೆ ಎಂದು ನಂಬಿ, ತಿರುಗಿ ತಿರುಗಿ ಅದನ್ನು ಹಿಡಿಯಲು ನೋಡಿದ್ದು. ಕುಬಟೂರಿನ ಗುಡಿಯ ಕನ್ನಡಿಯಂಥ ಕಂಬಗಳಲ್ಲಿ ಮುಖ ನೋಡಿದರೆ ಒಂದರಲ್ಲಿ ಮುದುಕಿಯ ಹಾಗೆ, ಇನ್ನೊಂದರಲ್ಲಿ ಕೂಸಿನ ಹಾಗೆ ಕಾಣುವುದು. ಹೊಟ್ಟೆಯೊಳಗಿನ ಕೂಸು ಬಸ್ಸಿನ ಹಾರ್ನ್ ಕೇಳಿದರೆ ಮಗ್ಗುಲು ಬದಲಿಸುವುದು. ತನ್ನ ಮುಂದೆ ಹೇಳಬೇಕೆಂದು ಇವಳು ಇಷ್ಟನ್ನೆಲ್ಲ ಎಲ್ಲಿಟ್ಟುಕೊಂಡಿದ್ದಳು ಎಂದು ಅವನಿಗೆ ಆಶ್ಚರ್ಯ. ಇಪ್ಪತ್ತಾರು ವರ್ಷದ ಗುಮಾಸ್ತ ತನ್ನ ಹೆಂಡತಿಯನ್ನು ಪ್ರೀತಿಸತೊಡಗಿದ್ದು ಹೀಗೆ, ಇಪ್ಪತ್ತೈದು ಮೈಲಿ ದೂರದಿಂದ.

ಆ ಮಂಗಳವಾರ ಅವಳು ಬಾವಿಯ ವಿಷಯ ಹೇಳಿದ್ದಳು. ಹಿತ್ತಲ ಬಾವಿಯ ನೀರು ತಳ ಕಂಡಿತೆಂದು ಕೆಸರು ತೆಗೆಸುತ್ತಿದ್ದರು.

"ಏನೇನು ಬಂತು ಗೊತ್ತೇನ್ರಿ? ನಮ್ಮಜ್ಜಿ ಹಿತ್ತಾಳೆ ತಂಬಿಗೆ ಬಂತು. ಅದು ಬಿದ್ದಿದ್ದಕ್ಕೆ ಅಜ್ಜಿ ಆಳಿನ ಮೇಲೆ ಕಳ್ಳತನ ಹೊರಿಸಿದ್ಲಂತೆ, ಅಪ್ಪ ಸಣ್ಣಾವ್ರಿದ್ದಾಗ. ಆಮೇಲೆ ನನ್ನ ಕಾಲ್ಗೆಜ್ಜೆ ಬಂತು, ಏಳು ವರ್ಷದೋಳಿದ್ದಾಗ ಕಳದಿದ್ದು. ಹಾಕಿ ನೋಡಿದ್ರೆ ಈಗ ಕೈಗೂ ಬರಲ್ಲ. ಮರದ ಗೊಂಬೆ ಬಂತು, ಯಾರದೂ ಅಲ್ಲ ಅದು, ನಮ್ಮನ್ಯಾಗೆ ಯಾರಿಗೂ ನೆನಪಿಲ್ಲ. ಬಾವಿ ಎಲ್ಲಾನೂ ಹಂಗೇ ಇಟ್ಟುಕೊಂಡಿತ್ರಿ. ನಾವು ದಿನಾ ಅದರ ಮೇಲಿಂದ ನೀರು ಸೇದಿದ್ವಿ, ಒಂದೂ ಗೊತ್ತೇ ಆಗ್ಲಿಲ್ಲ."

ಒಂದೊಂದು ವಸ್ತುವಿಗೂ ಒಂದೊಂದು ಕತೆ. ಸದಾಶಿವಪ್ಪನಿಗೆ ತಾನೇ ಆ ತಂಪು ಬಾವಿಯ ತಳದಲ್ಲಿ ಕೂತು, ಮೇಲಿನ ಬೆಳಕಿನಿಂದ ಬರುವ ದನಿ ಕೇಳುತ್ತಿದ್ದೇನೆ ಎನಿಸಿತ್ತು. ಆ ಹೊತ್ತಿನಲ್ಲಿ ಸುಬ್ಬಪ್ಪ ಶಿರಾಳಕೊಪ್ಪದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ.

ತಪ್ಪು ಮಾಡಿದವನು ಬರೆಯುವ ಕಾನೂನು ಬಲು ಬಿಗಿಯಾಗಿರುತ್ತದೆ. ಪೆಟ್ಟಿಗೆ, ಬೀಗ, ಎರಡು ಬೀಗದ ಕೈ, ಒಂದು ತನ್ನಲ್ಲಿ, ಒಂದು ಯಜಮಾನರಲ್ಲಿ. ಬೀದಿಯವರಿಗೆ ಫೋನು ಇಲ್ಲ. ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಎಲ್ಲ ಕರೆಗಳನ್ನೂ ಕೈಯಿಂದಲೇ ಜೋಡಿಸುತ್ತಿದ್ದ ಉಚ್ಚಂಗಪ್ಪನಿಗೆ ಒಂದು ಕಾಗದ:

'ಇನ್ನು ಮುಂದೆ ನಂ. 7ಕ್ಕೆ ಬರುವ ಅಥವಾ ನಂ. 7ರಿಂದ ಹೋಗುವ ಕರೆಯನ್ನು, ಕರೆ ಮಾಡುವವರು ಯಾರು, ಬೇಕಾದವರ ಹೆಸರೇನು, ವಿಷಯವೇನು ಎಂಬ ಮೂರು ಸಂಗತಿಗಳನ್ನು ಬಾಯಿಬಿಟ್ಟು ಸ್ಪಷ್ಟವಾಗಿ ತಿಳಿಸಿದ ಹೊರತು, ಎಂಥ ಸಂದರ್ಭದಲ್ಲಿಯೂ ಜೋಡಿಸಕೂಡದಾಗಿ ವಿನಂತಿ.'

ಮನೆವಾರ್ತೆಯ ಕರೆ ಕೂಡದು ಎಂದು ಅವನು ಬರೆಯಲಿಲ್ಲ. ಬೇಕೆಂದೇ ಬಿಟ್ಟದ್ದು. ಹೆಸರು ಹೇಳಿ, ಮನೆಯ ವಿಷಯ ಎಂದು ಹೇಳಿ, ವಾರಕ್ಕೊಮ್ಮೆ ಮೂರು ನಿಮಿಷ ಅವಳು ಮಾತಾಡಬಹುದು. ಯಾರೂ ಬೆರಳು ತೋರಿಸುವ ಹಾಗಿಲ್ಲ. ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಒಂದು ಪ್ರತಿಯನ್ನು ಸೊರಬಕ್ಕೂ ಕಳಿಸಿದ. ಅಲ್ಲಿ ಮಾವನವರು ಅದನ್ನು ಮನೆಮಂದಿಯ ಮುಂದೆ ಗಟ್ಟಿಯಾಗಿ ಓದಿ, "ಅಳಿಯನ ಬರವಣಿಗೆ ನೋಡ್ರೇ, ಅಮಲ್ದಾರರ ಹುಕುಂ ಇದ್ದಂಗೈತೆ" ಎಂದು ಹಿಗ್ಗಿದರಂತೆ.

ಪೆಟ್ಟಿಗೆ ಬಂತು. ಬೀಗ ಬಿತ್ತು. ಮೂರು ಗಂಟೆಗೆ ಫೋನು ಹೊಡೆದುಕೊಳ್ಳಲಿಲ್ಲ.

ಮೊದಲ ದಿನ ಸದಾಶಿವಪ್ಪ ಮಾವನವರಿಗೆ ನಿದ್ದೆ ಬಂದಿಲ್ಲ ಎಂದುಕೊಂಡ. ಎರಡನೆಯ ದಿನ ಅವಳಿಗೆ ಮೈ ಸರಿಯಿಲ್ಲವೇನೋ ಎಂದು ಆತಂಕಪಟ್ಟ. ನಾಲ್ಕು ದಿನವಾಯಿತು, ಐದಾಯಿತು. ಮಧ್ಯಾಹ್ನಗಳು ಹಾಗೆಯೇ ಬಂದವು, ಧೂಳು ಹಾಗೆಯೇ ಇಳಿಯಿತು. ಒಂದು ದಿನ ಗಂಟೆ ಹೊಡೆಯಿತೆಂದು ಓಡಿ ಬೀಗ ತೆಗೆದರೆ ಹೊರಗೆ ಹೋಗುತ್ತಿದ್ದ ದನದ ಕೊರಳಗಂಟೆ. ಪೆಟ್ಟಿಗೆಯ ತೂತಿಗೆ ಕಿವಿಯಿಟ್ಟು ಕೂತಿದ್ದು ಯಾರಾದರೂ ನೋಡಿದರೇ ಎಂದು ಆಮೇಲೆ ಸುತ್ತಮುತ್ತ ನೋಡಿಕೊಂಡ. ತಾನೇ ಫೋನು ಮಾಡೋಣವೆಂದರೆ ಆ ಕಡೆ ಎತ್ತುವವರು ಮಾವನವರು. ಕಾಗದ ಬರೆಯೋಣವೆಂದರೆ ಅದನ್ನು ಒಡೆದು ಓದುವವರೂ ಅವರೇ.

ಎಂಟನೆಯ ದಿನ ತಡೆಯಲಾರದೆ, ಬಾರೆಹಣ್ಣು ತಂದು ಬಟ್ಟೆಚೀಲದಲ್ಲಿ ಕಟ್ಟಿದ. ಹುಳಿ ತಿನ್ನಬೇಕೆನಿಸುತ್ತದೆ ಎಂದು ಅವಳು ಹಿಂದೊಮ್ಮೆ ಫೋನಿನಲ್ಲಿ ಹೇಳಿದ್ದಳು. ಶಿಕ್ಷೆ ಮುಗಿಸಿ ಕೆಲಸಕ್ಕೆ ಮರಳಿದ್ದ ಸುಬ್ಬಪ್ಪನ ಕೈಯಲ್ಲಿ ಕೊಟ್ಟು, ಅವನ ಮುಖ ನೋಡದೆ, "ಸೊರಬದ ಮನೆಗೆ" ಎಂದ. ಮರುದಿನ ಮಧ್ಯಾಹ್ನದ ಬಸ್ಸಿನಲ್ಲಿ ಸುಬ್ಬಪ್ಪ ಚೀಲವನ್ನು ಕಟ್ಟಿದ ಗಂಟಿನ ಸಮೇತ ವಾಪಸು ತಂದ.

"ಅಮ್ಮಾರು ತಗೊಳ್ಳಿಲ್ರಿ."

"ಯಾಕಂತೆ?"

ಸುಬ್ಬಪ್ಪ ತಲೆ ಕೆರೆದುಕೊಂಡ. "ಅವರು ಅಂದಂಗೇ ಹೇಳ್ಲೇನ್ರಿ? ಯಾರು ಕಳಿಸಿದ್ದು, ಯಾರಿಗೆ ಬೇಕಾದ್ದು, ವಿಷಯ ಏನು, ಮೂರೂ ಬರೆದಿಲ್ಲ, ಹಂಗಾಗಿ ತಗೊಳ್ಳೋ ಹಂಗಿಲ್ಲ ಅಂತ ಹೇಳು ಅಂದ್ರು. ನಕ್ಕೊಂತ ಹೇಳಿದ್ರು ಅನ್ಕೊಂಡೆ. ಆಮೇಲೆ ನೋಡಿದ್ರೆ ಕಣ್ಣಾಗೆ ನೀರಿತ್ರಿ."

ಸದಾಶಿವಪ್ಪ ಚೀಲವನ್ನು ಮೇಜಿನ ಮೇಲಿಟ್ಟು, ಟೋಪಿಯನ್ನೂ ಹಾಕಿಕೊಳ್ಳದೆ ಎಕ್ಸ್‌ಚೇಂಜಿಗೆ ನಡೆದ. ಎರಡು ಬೀದಿ ದಾಟುವಷ್ಟರಲ್ಲಿ ಬಿಸಿಲಿಗೆ ಕಣ್ಣು ಕತ್ತಲಿಟ್ಟು ಬಂತು.

ಉಚ್ಚಂಗಪ್ಪ ತೂತುಗಳ ಹಲಗೆಯ ಮುಂದೆ, ಕಿವಿಗೆ ಕಟ್ಟಿಕೊಂಡ ಯಂತ್ರದ ಒಂದು ಕಡೆಯನ್ನು ಸರಿಸಿ, ಎಲೆ ಹಾಕುತ್ತಾ ಕೂತಿದ್ದ. ಐವತ್ತು ದಾಟಿದ ಮನುಷ್ಯ. ಊರಿನ ಮಾತೆಲ್ಲ ಅವನ ಕಿವಿಯ ಮೂಲಕವೇ ಹೋಗುತ್ತಿದ್ದರೂ ಅವನ ಬಾಯಿಂದ ಒಂದೂ ಹೊರಬಿದ್ದದ್ದಿಲ್ಲ.

"ಸೊರಬದಿಂದ ನಮ್ಮ ನಂಬರಿಗೆ ಕರೆ ಬಂದಿತ್ತೇನ್ರಿ, ಮೂರು ಗಂಟೆಗೆ?"

"ಬಂದಿತ್ತಲ್ರಿ. ಆರು ದಿನ ಬಂತು. ಮೂರು ದಿನದಿಂದ ಬಂದಿಲ್ಲ."

"ನನಗೆ ಕೊಡ್ಲಿಲ್ಲ ನೀವು!"

"ಹೆಂಗೆ ಕೊಡ್ಲಿ?" ಉಚ್ಚಂಗಪ್ಪ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ್ದ ಕಾಗದ ತೋರಿಸಿದ. ಸದಾಶಿವಪ್ಪನ ದುಂಡಗಿನ ಅಕ್ಷರ. "ಯಾರು ಬೇಕು ತಾಯಿ ಅಂದೆ. 'ಅವರು' ಅಂದ್ರು. ಅವರು ಅಂದ್ರೆ ಯಾರು ಅಂದೆ. 'ಅಲ್ಲಿ ಕೂತಿರ್ತಾರಲ್ರಿ, ಅವರು.' ಹೆಸರು ಹೇಳ್ರಿ ಅಂದೆ. ಸುಮ್ಮನಾದ್ರು. ಮರುದಿನ, 'ಶಿವನ ಹೆಸರು' ಅಂದ್ರು. ಶಿವಂದು ಬೇಕಾದಷ್ಟು ಹೆಸರು ಅದಾವೆ ತಾಯಿ, ನಿಮ್ಮ ತಂದೇದೂ ಶಿವನ ಹೆಸರೇ, ಬಾಯಿಬಿಟ್ಟು ಹೇಳಬೇಕು ಅಂತ ಕಾಗದ ಐತೆ ಅಂದೆ. ದಿನಾ ಬಂದು, ದಿನಾ ಅಲ್ಲಿಗೇ ನಿಂತು, ಇಟ್ಟುಬಿಡೋರು. ಆರನೇ ದಿನ ಏನೂ ಹೇಳ್ಲೇ ಇಲ್ಲ. ಉಸಿರು ಕೇಳ್ತಿತ್ತು, ಅಷ್ಟೆ."

ಸದಾಶಿವಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. ಮೂಲೆಮೂಲೆ ಯೋಚಿಸಿ ಬರೆದವನಿಗೆ ಇದು ಹೊಳೆಯಲಿಲ್ಲವಲ್ಲ! ಗಂಡನ ಹೆಸರನ್ನು ಯಾವ ಹೆಂಡತಿ ಹೇಳುತ್ತಾಳೆ? ಅವನ ತಾಯಿ ಅವನ ತಂದೆಯ ಹೆಸರನ್ನು ತಂದೆ ಸತ್ತ ಮೇಲೂ ಹೇಳಿದವಳಲ್ಲ. ಮನೆಯ ಉಳಿದ ಸೊಸೆಯರು ಹೇಳಿದವರಲ್ಲ. ಹುಟ್ಟಿದಾಗಿನಿಂದ ಕಿವಿಗೆ ಬೀಳದ ಒಂದು ಸಂಗತಿ, ಇಲ್ಲ ಎಂದು ಕೂಡ ಅವನ ಗಮನಕ್ಕೆ ಬಂದಿರಲಿಲ್ಲ. ಅವಳಿಗಾಗಿ ಬಿಟ್ಟ ಬಾಗಿಲು ಅವಳೊಬ್ಬಳೇ ದಾಟಲಾಗದ ಬಾಗಿಲಾಗಿತ್ತು.

"ಅವಳು ಯಾರು ಅಂತ ನಿಮಗೆ ಗೊತ್ತಿತ್ತಲ್ರಿ ಉಚ್ಚಂಗಪ್ನೋರೆ."

"ಗೊತ್ತಿತ್ತು" ಎಂದ ಉಚ್ಚಂಗಪ್ಪ. "ಆವತ್ತು ನಲವತ್ತು ನಿಮಿಷ ಯಾರು ಮಾತಾಡಿದ್ರು ಅನ್ನೋದೂ ಗೊತ್ತಿತ್ತು. ಆ ಸುಬ್ಬಪ್ಪ ಮನ್ಯಾಗೆ ಕೂತಾಗ್ಲೂ ನಾನು ಯಾರ ಮುಂದೂ ಬಾಯಿ ಬಿಡ್ಲಿಲ್ಲ, ನನ್ನ ಕೆಲಸ ಅಂಥಾದ್ದು. ಆಮೇಲೆ ನೀವೇ ಈ ಕಾಗದ ಕೊಟ್ರಿ. ಓ, ಆ ಕೂಸಿನ ಬಾಯಿ ಮುಚ್ಚಾಕೇ ಬರೆದಾರೆ ಅಂದ್ಕೊಂಡೆ ನಾನು. ಆಕೀನೂ ಹಂಗೇ ಅಂದ್ಕೊಂಡಿರಬೇಕು."

ಹೊರಗೆ ಬಂದು ಸದಾಶಿವಪ್ಪ ಬಹಳ ಹೊತ್ತು ಎಲ್ಲಿಗೂ ಹೋಗದೆ ನಿಂತ. ನಡುಮಧ್ಯಾಹ್ನದ ಊರು ನಿದ್ದೆಯಲ್ಲಿತ್ತು. ಹೀಗೇ ಬಿಟ್ಟರೆ ಆಗುವುದು ಅವನಿಗೆ ಸ್ಪಷ್ಟವಾಗಿ ಕಾಣಿಸಿತು. ಅವಳು ಹೆರುತ್ತಾಳೆ, ಐದು ತಿಂಗಳಿಗೆ ಕೂಸನ್ನೆತ್ತಿಕೊಂಡು ಬರುತ್ತಾಳೆ, ಬಾಗಿಲ ಹಿಂದೆ ನಿಂತು ನೀರು ಕಾದೈತಂತೆ ಎನ್ನುತ್ತಾಳೆ. ಜಗಳವಿಲ್ಲ, ಅಳುವಿಲ್ಲ. ಆ ನಗು ಮಾತ್ರ ಇನ್ನೆಂದಿಗೂ ಹೊರಗೆ ಬರುವುದಿಲ್ಲ. ಅದನ್ನು ಮತ್ತೆ ಕೇಳಬೇಕಾದರೆ ಕಟ್ಟುಪಾಡನ್ನು ತೆಗೆಸಬೇಕು. ತೆಗೆಸಬೇಕಾದರೆ ಯಾಕೆಂದು ಹೇಳಬೇಕು. ಹೇಳಿದರೆ ನೌಕರಿ ಉಳಿಯುವುದು ಅನುಮಾನ. ಅವನಿಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ, ಆರನೆಯ ದಿನ ಅವಳು ಏನೂ ಹೇಳದೆ ಫೋನು ಹಿಡಿದು ನಿಂತಿದ್ದಳಲ್ಲ, ಅದು ಎದೆಗೆ ಒತ್ತಿತು.

ಆಫೀಸಿನ ಮುಂದೆ ತೋಟಪ್ಪನವರು ಬೆಂಚಿನ ಮೇಲೆ ಕೂತು ಬೀಸಣಿಗೆ ಆಡಿಸುತ್ತಿದ್ದರು. ಸುಬ್ಬಪ್ಪ ಬಸ್ಸಿನ ಟಾಪಿನಿಂದ ಮೂಟೆಗಳನ್ನು ಇಳಿಸಿ ಕೈ ಒರೆಸಿಕೊಳ್ಳುತ್ತಿದ್ದ.

"ಯಜಮಾನ್ರೇ, ಆವತ್ತು ಫೋನಿನಾಗೆ ಇದ್ದದ್ದು ನಾನು" ಎಂದ ಸದಾಶಿವಪ್ಪ. "ಸುಬ್ಬಪ್ಪ ಹೇಳಿದ್ದು ಖರೇ. ಎಂಗೇಜ್ ಇತ್ತು. ನಾನೇ ಮಾತಾಡ್ತಿದ್ದೆ."

ಬೀಸಣಿಗೆ ನಿಂತಿತು. "ಯಾರ ಸಂಗಡ?"

"ಮನೆಯವರ ಸಂಗಡ."

"ಯಾರ ಮನೆಯವರು?"

"ನಮ್ಮ ಮನೆಯವರು. ಸೊರಬದಾಗೆ."

ತೋಟಪ್ಪನವರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಬೈಗುಳ ಬರುತ್ತದೆಂದು ಸದಾಶಿವಪ್ಪ ಕಾದ. ಅದರ ಬದಲು ಅವರು ಸುಬ್ಬಪ್ಪನ ಕಡೆ ತಿರುಗಿ, "ಕೇಳಿದೇನೋ?" ಎಂದರು.

"ಕೇಳ್ದೆ ರೀ." ಸುಬ್ಬಪ್ಪ ಕೈಯಲ್ಲಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. "ಒಂದು ವಾರ ನಮ್ಮ ಮನೆಯಾಕಿ ಹೂವಮ್ಮ ನನ್ನ ಸಂಗಡ ಮಾತಾಡ್ಲಿಲ್ರಿ ಗುಮಾಸ್ತ್ರೇ. ನಾನೇ ಎಲ್ಲೋ ಕುಡಿಯಾಕೆ ಹೋಗಿದ್ದೆ ಅಂತ ತಿಳಕೊಂಡಾಳೆ. ಈಗ್ಲೂ ಅನ್ನ ಬಡಿಸಿ ಆಕಡೆ ತಿರುಗಿ ಕುಂತ್ಕೊತಾಳೆ."

"ತಪ್ಪಾತು ಸುಬ್ಬಪ್ಪ" ಎಂದ ಸದಾಶಿವಪ್ಪ. "ಸಂಜೆ ನಿಮ್ಮ ಮನೆಗೆ ಬಂದು ನಾನೇ ಹೇಳ್ತೀನಿ."

ತೋಟಪ್ಪನವರು, "ನಾಳೆಯಿಂದ ಒಂದು ವಾರ ನೀನು ಮನ್ಯಾಗೆ ಕೂರು. ಅವನಿಗೆ ಆದದ್ದೇ ನಿನಗೂ" ಎಂದರು. "ಜವಳಿ ಅಂಗಡಿಗೂ ಹೋಗು, ಕೈ ಮುಗಿದು ಹೇಳು. ಬೈತಾರೆ, ಬೈಸ್ಕೋ."

"ಆಗ್ಲಿ ರೀ. ಆದ್ರೆ ಆ ಕಟ್ಟುಪಾಡು..." ಎಂದು ಸದಾಶಿವಪ್ಪ ನಡೆದದ್ದನ್ನೆಲ್ಲ ಹೇಳಿದ. ಅವಳು ಹೆಸರು ಹೇಳಲಾರದೆ ಆರು ದಿನ ಫೋನು ಇಟ್ಟದ್ದು, ಚೀಲ ವಾಪಸು ಬಂದದ್ದು. ಕೇಳುತ್ತಾ ಕೇಳುತ್ತಾ ತೋಟಪ್ಪನವರ ಮೀಸೆಯ ಕೆಳಗೆ ಏನೋ ಅಲುಗಿತು. ಅವರು ಅದನ್ನು ಬೀಸಣಿಗೆಯಿಂದ ಮರೆಮಾಡಿಕೊಂಡರು.

"ಕಟ್ಟುಪಾಡು ತೆಗೆಯೋದಿಲ್ಲ. ಅದರಾಗೆ ಏನೂ ತಪ್ಪಿಲ್ಲ. ಬೀದಿಯೋರೆಲ್ಲ ಒಂದು ವಾರದಿಂದ ಸರಿಯಾಗ್ಯಾರೆ." ಅವರು ಸೊಂಟದ ಉಡಿದಾರದಿಂದ ಬೀಗದ ಕೈ ಬಿಚ್ಚಿದರು. "ಆ ಹುಡುಗಿ ಹೇಳಲಾರಳು, ಸೈ. ನಿನಗೇನಾಗೈತೆ? ಬರೆದವನು ನೀನು, ಬರೆದಂಗೆ ನೀನೇ ನಡಿ. ಈಗ್ಲೇ ಮಾಡು, ಇಲ್ಲೇ, ನಮ್ಮ ಮುಂದೆ."

ಸದಾಶಿವಪ್ಪ ಪೆಟ್ಟಿಗೆಯ ಬೀಗ ತೆಗೆದ. ಹಿಡಿಕೆ ತಿರುಗಿಸಿದ.

"ನಂಬರ್ ಏಳಾ? ಯಾರು ಮಾತಾಡೋದು?" ಎಂದ ಉಚ್ಚಂಗಪ್ಪ, ಈಗಷ್ಟೇ ಎದುರಿಗೆ ನಿಂತು ಮಾತಾಡಿದ ಮನುಷ್ಯನ ಪರಿಚಯವೇ ಇಲ್ಲದವನ ಹಾಗೆ.

"ಸದಾಶಿವಪ್ಪ. ಸೊರಬ ಕೊಡ್ರಿ."

"ಯಾರು ಬೇಕು?"

"ಅಲ್ಲಿ... ಏಜೆಂಟರ ಮನೆಯಾಗೆ..."

"ಬೇಕಾದವರ ಹೆಸರು ಹೇಳ್ರಿ."

ಬಾಗಿಲಲ್ಲಿ ಯಜಮಾನರು, ಅವರ ಹಿಂದೆ ಸುಬ್ಬಪ್ಪ. ಬಸ್ಸಿಗೆ ಕಾಯುತ್ತಿದ್ದ ಮುದುಕಿಯೊಬ್ಬಳು ಕೂಡ ಏನೋ ನಡೆಯುತ್ತಿದೆ ಎಂದು ಎದ್ದು ಬಂದು ನಿಂತಿದ್ದಳು. ಆಗ ಅವನಿಗೆ ತಿಳಿಯಿತು: ಈ ಹತ್ತು ತಿಂಗಳಲ್ಲಿ ತಾನೂ ಆ ಹೆಸರನ್ನು ಒಮ್ಮೆಯೂ ಹೇಳಿಲ್ಲ. ಲಗ್ನಪತ್ರಿಕೆಯಲ್ಲಿ ಓದಿದ್ದ, ಅಷ್ಟೆ. ಆಮೇಲೆ ಅವಳು 'ಸೊರಬದಾಕಿ', 'ಇವಳೇ', 'ಮನೆಯವರು', 'ಕೇಳಿದೇನು' ಆಗಿದ್ದಳು. ಇಷ್ಟೆಲ್ಲ ಹೇಳಿದವಳನ್ನು, ಇಷ್ಟೆಲ್ಲ ಕೇಳಿದವನು, ಏನೆಂದೂ ಕರೆದಿರಲಿಲ್ಲ. ಅವಳು ಆರು ದಿನ ಇದೇ ಜಾಗದಲ್ಲಿ ನಿಂತಿದ್ದಳು.

"ರಾಜೇಶ್ವರಿ" ಎಂದ.

"ಗಟ್ಟಿಯಾಗಿ ಹೇಳ್ರಿ."

"ರಾಜೇಶ್ವರಿ."

"ವಿಷಯ?"

ಅವನು ಯೋಚಿಸಿದ. ವಿಷಯವೆಂಬುದು ಏನೂ ಇರಲಿಲ್ಲ. "ಸುಮ್ನೆ ಮಾತಾಡಬೇಕು" ಎಂದ.

"ಬರಕೊಂಡೆ" ಎಂದ ಉಚ್ಚಂಗಪ್ಪ. ಆಮೇಲೆ ತಂತಿಯ ಮೊರೆತ ಶುರುವಾಯಿತು. ಅದರೊಳಗೆ ಎಲ್ಲೋ ಗಾಳಿ ಬೀಸಿದ ಹಾಗೆ, ಎಲ್ಲೋ ಯಾರೋ ಎಣಿಸುತ್ತಿರುವ ಹಾಗೆ ಸದ್ದು. ದಾರಿಯ ಕಂಬಗಳು ಒಂದೊಂದಾಗಿ ಅವನ ಕಣ್ಣ ಮುಂದೆ ಹಾದುಹೋದವು. ಸೊರಬದಲ್ಲಿ ಮಾವನವರ ನಿದ್ದೆಗಣ್ಣಿನ ದನಿ ಎತ್ತಿಕೊಂಡಿತು. "ಯಾರಿಗೆ? ನಮ್ಮ ರಾಜೀಗೇನ್ರಿ? ಕಂಪನಿ ಫೋನಿನಾಗಾ?" ಎಂದಿತು. ತುಸು ಹೊತ್ತು ಏನೂ ಇಲ್ಲ. ಆಮೇಲೆ ಹಿತ್ತಲ ಬಾಗಿಲು ಕಿರುಗುಟ್ಟಿದ ಸದ್ದು, ಭಾರವಾದ ನಿಧಾನ ಹೆಜ್ಜೆ. ಉಸಿರು.

ಅವಳು 'ನಾನ್ರೀ' ಎನ್ನಲಿಲ್ಲ. ಸರ್ಕಾರಿ ದನಿಯಲ್ಲಿ, "ಯಾರು ಬೇಕಿತ್ತು?" ಎಂದಳು.

ಸದಾಶಿವಪ್ಪ ಹೇಳಿದ.

ಫೋನು ಇಟ್ಟಳೇನೋ ಎಂದುಕೊಂಡ. ಇಟ್ಟಿರಲಿಲ್ಲ. ಅವಳ ಉಸಿರು ಈಗ ಬೇರೆ ಥರ ಬರುತ್ತಿತ್ತು, ಅಳುವೋ ನಗುವೋ ಗೊತ್ತಾಗದ ಹಾಗೆ.

"ಇನ್ನೊಂದ್ ಸಲ ಹೇಳ್ರಿ" ಎಂದಳು.

ತೋಟಪ್ಪನವರು ಸುಬ್ಬಪ್ಪನನ್ನೂ ಮುದುಕಿಯನ್ನೂ ಕೈಸನ್ನೆಯಿಂದ ಹೊರಗೆ ಕಳಿಸಿ, ತಾವೂ ಹೊರಬಂದು, ಆಫೀಸಿನ ಎರಡೂ ಕದಗಳನ್ನು ಸದ್ದಾಗದಂತೆ ಎಳೆದುಕೊಂಡರು. ಒಳಗೆ ತುಂಬ ಹೊತ್ತು ಮಾತು ಕೇಳಿಸಲಿಲ್ಲ. ಆಗಾಗ ಒಂದು ಹೆಸರು ಮಾತ್ರ ಕೇಳಿಸುತ್ತಿತ್ತು.